ಕವಿ ಮುದ್ದಣನ ಬಾಳು ಮತ್ತು ಕ್ಷಯ

ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಾಠವಾಗಿ ಓದಿ ಮುಗುಳ್ನಗದ ವಿದ್ಯಾರ್ಥಿಯುಂಟೆ? ಚಿತ್ರದುರ್ಗದವರಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ಬಂದವರಾಗಲಿ, ಮಳೆಗಾಲದಲ್ಲಿ ಕಥೆ ಹೇಳುತ್ತ ಕುಳಿತ ಆ ದಂಪತಿಗಳನ್ನು ನಾವು ಬಲ್ಲೆವು. ಆದರೆ ಅವರನ್ನು ಸೃಷ್ಟಿಸಿದ ಕವಿಯು ಮೂವತ್ತೊಂದನೆಯ ವಯಸ್ಸಿಗೇ ಕ್ಷಯಕ್ಕೆ ತುತ್ತಾದನೆಂಬುದನ್ನು ಎಷ್ಟು ಜನ ನೆನೆಯುತ್ತೇವೆ?

ಮುದ್ದಣನ ನಿಜನಾಮ ಲಕ್ಷ್ಮೀನಾರಾಯಣ. 1870ರಲ್ಲಿ ದಕ್ಷಿಣ ಕನ್ನಡ ಸೀಮೆಯ ನಂದಳಿಕೆಯಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಮುದ್ದಾಗಿದ್ದುದರಿಂದ ಮನೆಯವರು ಮುದ್ದಣನೆಂದು ಕರೆದರು. ಬಡತನದಿಂದಾಗಿ ಓದು ಹೆಚ್ಚು ಸಾಗಲಿಲ್ಲ. ಮದರಾಸಿಗೆ ಹೋಗಿ ಅಂಗಸಾಧನೆಯಲ್ಲಿ ತರಬೇತಿ ಪಡೆದು ಬಂದು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹಗಲೆಲ್ಲ ಹುಡುಗರಿಗೆ ಕಸರತ್ತು ಕಲಿಸುವುದು, ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳನ್ನು ಓದುವುದು, ಬರೆಯುವುದು. ಮೊದಲು ಯಕ್ಷಗಾನ ಪ್ರಸಂಗಗಳು, ಅನಂತರ ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಕಡೆಗೆ ಶ್ರೀರಾಮಾಶ್ವಮೇಧ.

ವ್ಯಾಯಾಮದ ಮೇಷ್ಟರು ಕಾವ್ಯ ಬರೆದನೆಂದರೆ ಯಾರು ನಂಬುವರು? ಆ ಸಂಕೋಚದಿಂದಲೋ ಏನೋ, ಅವನು ಸ್ವಂತ ಕೃತಿಗಳನ್ನು ಪ್ರಾಚೀನ ಕವಿಯ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿಸಿದನು. ಪಂಡಿತರು ಅವನ್ನು ಅಚ್ಚುಮಾಡಿಸಿ ಮೆಚ್ಚಿದರು. ಕರ್ತೃ ಇವನೇ ಎಂಬುದು ನಾಡಿಗೆ ಸ್ಪಷ್ಟವಾಗಿ ತಿಳಿಯುವ ಹೊತ್ತಿಗೆ ಅವನು ತೀರಿಕೊಂಡು ಬಹುಕಾಲವಾಗಿತ್ತು.

ದೇಹವನ್ನು ಗಟ್ಟಿಮಾಡುವುದನ್ನೇ ಕಲಿಸುತ್ತಿದ್ದವನ ಶ್ವಾಸಕೋಶವನ್ನು ಕ್ಷಯವು ಹೊಕ್ಕಿತು. ಅದಕ್ಕೆ ಕಾರಣವಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಮದ್ದು ಇರಲಿಲ್ಲ. 1901ರ ಫೆಬ್ರವರಿಯಲ್ಲಿ ಮುದ್ದಣನು ಕಣ್ಮುಚ್ಚಿದನು.

ಕ್ಷಯವು ಎದೆಯ ರೋಗವೆಂದೇ ನಮ್ಮ ಎಣಿಕೆ. ಅದು ಅಷ್ಟಕ್ಕೇ ನಿಲ್ಲಬೇಕೆಂದಿಲ್ಲ. ಕೆಲವರಲ್ಲಿ ರೋಗಾಣುಗಳು ಶ್ವಾಸಕೋಶದಿಂದ ರಕ್ತದಲ್ಲಿ ಸೇರಿ ಮೆದುಳಿನ ಪೊರೆಯನ್ನು ಮುಟ್ಟುತ್ತವೆ. ಅಲ್ಲಿ ಸಣ್ಣ ಗಂಟಾಗಿ ಅಡಗಿದ್ದು ಒಡೆದರೆ ಪೊರೆ ಉರಿಯೂತಗೊಳ್ಳುತ್ತದೆ, ಮೆದುಳಿನ ಸುತ್ತಲಿನ ದ್ರವದ ಹರಿವಿಗೆ ತಡೆಯಾಗುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ. ತಲೆನೋವು, ಜ್ವರ, ಕುತ್ತಿಗೆಯ ಬಿಗಿತ, ಬಳಿಕ ಗೊಂದಲ, ಮರೆವು, ಪ್ರಜ್ಞೆ ತಪ್ಪುವುದು. ಬದುಕಿ ಉಳಿದವರಲ್ಲಿ ಕೆಲವರಿಗೆ ನೆನಪು, ಏಕಾಗ್ರತೆಗಳು ಮೊದಲಿನಂತೆ ಮರಳುವುದಿಲ್ಲ. ಕ್ಷಯವಲ್ಲದ ನ್ಯುಮೋನಿಯಾದಲ್ಲಿಯೂ, ರೋಗಾಣು ಮೆದುಳನ್ನು ಮುಟ್ಟದೆಯೇ, ಆಮ್ಲಜನಕದ ಕೊರತೆಯಿಂದಲೂ ರಕ್ತಕ್ಕಿಳಿದ ಉರಿಯೂತದ ವಸ್ತುಗಳಿಂದಲೂ ಬುದ್ಧಿ ಮಂಕಾಗಬಹುದು. ಜ್ವರ ಹತ್ತಿದ ಮುದುಕರು ಇದ್ದಕ್ಕಿದ್ದಂತೆ ಮನೆಯವರ ಗುರುತು ತಪ್ಪುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು; ಅದನ್ನು ಬರಿಯ ಅರಳುಮರಳೆಂದು ಬಿಡಲಾಗದು.

ಮುದ್ದಣನ ಕೃತಿಗಳಲ್ಲಿ ಇಂತಹ ಮಂಕಿನ ನೆರಳಿಲ್ಲ. ಅವನ ಕೊನೆಯ ದೊಡ್ಡ ಕೃತಿಯಾದ ಶ್ರೀರಾಮಾಶ್ವಮೇಧದಲ್ಲಿಯೇ ಅವನ ನಗೆ ಅತ್ಯಂತ ಹಗುರ, ಮಾತು ಅತ್ಯಂತ ಚುರುಕು. ಇನ್ನಷ್ಟು ವರ್ಷ ಬಾಳಿದ್ದರೆ ಆ ಮತಿಯು ಕನ್ನಡಕ್ಕೆ ಏನೇನು ಕೊಡುತ್ತಿತ್ತೋ!

ಅವನು ತೀರಿಕೊಂಡ 42 ವರ್ಷಗಳಿಗೆ, 1943ರಲ್ಲಿ, ಸ್ಟ್ರೆಪ್ಟೊಮೈಸಿನ್ ದೊರೆಯಿತು. 1959ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಶ್ವಾಸಕೋಶದ ಸಾಮಾನ್ಯ ಕ್ಷಯವು ಇಂದು ಸುಮಾರು ಆರು ತಿಂಗಳ ಮಾತ್ರೆಗಳಿಂದ ಗುಣವಾಗುತ್ತದೆ; ಮೆದುಳಿಗೆ ಹಬ್ಬಿದರೆ ಇನ್ನೂ ಹೆಚ್ಚು ಕಾಲ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ.

ಆದರೂ ಎರಡು ವಾರ ಮೀರಿದ ಕೆಮ್ಮನ್ನು ಗೆಳೆಯರಿಗೆ ತಿಳಿದೀತೆಂದು ಮುಚ್ಚಿಡುವ ಸಹಪಾಠಿಗಳು ನಮ್ಮ ನಡುವೆ ಇಲ್ಲವೆ? ಮುದ್ದಣನು ತನ್ನ ಹೆಸರನ್ನು ಮರೆಮಾಡಿದನು; ಕಾಲವು ಅದನ್ನು ಹುಡುಕಿ ಬೆಳಕಿಗೆ ತಂದಿತು. ಮರೆಮಾಡಿದ ರೋಗಕ್ಕೆ ಕಾಲವು ಅಷ್ಟು ದಯೆ ತೋರದು. ಅವನಿಗೆ ದೊರೆಯದ ಮದ್ದು ನಮಗೆ ದೊರೆತಿದೆ. ಅದನ್ನು ಕೇಳಿ ಪಡೆಯಲು ನಾಚಬೇಕಾಗಿಲ್ಲ.