ವಿಲಿಯಂ ಕ್ಯಾಸ್ಲನ್: ಅಕ್ಷರದಲ್ಲಿ ಸ್ವದೇಶಿ

ಪತ್ರಿಕೆಯನ್ನು ಕೈಗೆತ್ತಿಕೊಂಡೊಡನೆ ವಾಚಕರ ದೃಷ್ಟಿಯು ಮೊದಲು ನಿಲ್ಲುವುದು ದಪ್ಪಕ್ಷರದ ತಲೆಬರಹದ ಮೇಲೆ. ಆದರೆ ಆ ಅಕ್ಷರವನ್ನು ಕಡೆದವನು ಯಾರೆಂದು ಕೇಳುವವರು ವಿರಳ. ಅಂತಹ ಕುಶಲಕರ್ಮಿಗಳಲ್ಲಿ ಅಗ್ರಗಣ್ಯನಾದ ವಿಲಿಯಂ ಕ್ಯಾಸ್ಲನ್ನನ ಚರಿತ್ರೆಯು ಸ್ವಾತಂತ್ರ್ಯಪ್ರಿಯರಾದ ಜನರು ಮನನ ಮಾಡತಕ್ಕುದಾಗಿದೆ.

ಕ್ಯಾಸ್ಲನ್ನನು 1692ರಲ್ಲಿ ಇಂಗ್ಲೆಂಡಿನ ವೂಸ್ಟರ್‌ಷೈರ್ ಪ್ರಾಂತದ ಕ್ರ್ಯಾಡ್ಲಿ ಎಂಬ ಊರಿನಲ್ಲಿ ಜನಿಸಿದನು. ಲಂಡನ್ನಿನಲ್ಲಿ ಕೆತ್ತನೆಯ ಕೆಲಸವನ್ನು ಕಲಿತು, ಬಂದೂಕುಗಳ ಮೇಲೆ ಚಿತ್ತಾರ ಕೊರೆಯುತ್ತಲೂ, ಪುಸ್ತಕದ ರಟ್ಟಿಗೆ ಒತ್ತುವ ಮುದ್ರೆಗಳನ್ನು ಮಾಡುತ್ತಲೂ ಜೀವನ ಸಾಗಿಸುತ್ತಿದ್ದನು. ಆ ಕಾಲದಲ್ಲಿ ಇಂಗ್ಲೆಂಡಿನ ಮುದ್ರಕರು ಒಳ್ಳೆಯ ಅಚ್ಚುಮೊಳೆಗಳಿಗಾಗಿ ಹಾಲೆಂಡನ್ನೇ ನಂಬಿದ್ದರು. ಸಾಮ್ರಾಜ್ಯವನ್ನು ಕಟ್ಟಹೊರಟ ರಾಷ್ಟ್ರವು ತನ್ನ ಮಾತನ್ನು ಅಚ್ಚುಹಾಕಲು ಪರದೇಶದ ಅಕ್ಷರವನ್ನು ಅವಲಂಬಿಸಿದ್ದಿತು. ಕ್ಯಾಸ್ಲನ್ನನ ಕೈಚಳಕವನ್ನು ಕಂಡ ಮುದ್ರಕ ವಿಲಿಯಂ ಬೌಯರನು ಅವನಿಗೆ ಮೊಳೆ ಎರಕದ ಕಾರ್ಖಾನೆಯೊಂದನ್ನು ತೋರಿಸಿ, ಈ ಕೆಲಸಕ್ಕೆ ಕೈಹಾಕಬಲ್ಲೆಯಾ ಎಂದು ವಿಚಾರಿಸಿದನು. ಕ್ಯಾಸ್ಲನ್ನನು ಒಂದು ದಿನದ ಅವಧಿಯನ್ನು ಬೇಡಿ, ಮರುದಿನ ಒಪ್ಪಿಕೊಂಡನು. ಬೌಯರನೂ ಮತ್ತಿಬ್ಬರು ಮುದ್ರಕರೂ ಸೇರಿ 500 ಪೌಂಡು ಸಾಲ ಕೊಟ್ಟರು.

ಕೆಲಸವು ಸುಲಭವಾದುದಲ್ಲ. ಉಕ್ಕಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕಡೆದು, ಹದಗೊಳಿಸಿ, ತಾಮ್ರಕ್ಕೆ ಹೊಡೆದು, ಆ ಗುಳಿಯಲ್ಲಿ ಸೀಸದ ಮಿಶ್ರಲೋಹವನ್ನು ಎರಕ ಹೊಯ್ಯಬೇಕು. ಮೊದಲಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಾವಿರ ಮೊಳೆಗಳಲ್ಲಿ ಆ ತಪ್ಪು ಮರುಕಳಿಸುವುದು. ಕ್ಯಾಸ್ಲನ್ನನು 1734ರಲ್ಲಿ ಹೊರಡಿಸಿದ ಮಾದರಿಯ ಹಾಳೆಯಲ್ಲಿ ರೋಮನ್, ಗ್ರೀಕ್, ಹೀಬ್ರೂ, ಅರಬ್ಬಿ ಅಕ್ಷರಗಳೊಡನೆ ಪ್ರಾಚೀನ ಮಾದರಿಯ ದಟ್ಟವಾದ ಕಪ್ಪಕ್ಷರವೂ, ಶೀರ್ಷಿಕೆಗೆಂದೇ ಮಾಡಿದ ಭಾರಿ ಅಕ್ಷರಗಳೂ ಮೆರೆದವು. ಹಾಲೆಂಡಿನಿಂದ ಮೊಳೆ ತರಿಸುವ ಪದ್ಧತಿಯು ಕ್ರಮೇಣ ಕ್ಷೀಣಿಸಿತು.

ಅವನ ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅಲ್ಲಲ್ಲಿ ಒರಟುತನ ಕಂಡೀತು; ಸಾಲಿನಲ್ಲಿ ನಿಂತಾಗ ಅವು ಗೌರವಸ್ಥರ ಸಭೆಯಂತೆ ಗಂಭೀರವಾಗಿ ತೋರುವುವು. ಈ ಗುಣದಿಂದಲೇ 20ನೆಯ ಶತಮಾನದ ಎರಕದವರು ಅವುಗಳ ಮೈಯನ್ನು ದಪ್ಪಗೊಳಿಸಿ, ಜಾಹೀರಾತಿಗೂ ಮುಖಪುಟಕ್ಕೂ ತಲೆಬರಹಕ್ಕೂ ಒದಗಿಸಿದರು. ಪುಟಗಟ್ಟಲೆ ಓದುವ ಬರಹಕ್ಕೆ ದಪ್ಪಕ್ಷರವು ಹಿತವಲ್ಲ. ನಾಲ್ಕು ಮಾತುಗಳನ್ನು ದೂರದವರೆಗೆ ಸಾರಬೇಕಾದಾಗ ಅದಕ್ಕೆ ಸಮನಾದುದಿಲ್ಲ.

ಕ್ಯಾಸ್ಲನ್ನನು 1766ರ ಜನವರಿ 23ರಂದು ತೀರಿಕೊಂಡನು. ಆಗಲೇ ಅವನ ಮೊಳೆಗಳು ಸಮುದ್ರ ದಾಟಿ ಅಮೆರಿಕದ ವಸಾಹತುಗಳನ್ನು ಸೇರಿದ್ದವು. ಮುದ್ರಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ನನು ಅವುಗಳನ್ನು ಮೆಚ್ಚಿ ಬಳಸುತ್ತಿದ್ದನು. 1776ರ ಜುಲೈ 4ರ ರಾತ್ರಿ ಫಿಲಡೆಲ್ಫಿಯಾ ನಗರದಲ್ಲಿ ಜಾನ್ ಡನ್‌ಲಪ್ ಎಂಬ ಮುದ್ರಕನು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಚ್ಚುಹಾಕಿದುದು ಈ ಅಕ್ಷರಗಳಲ್ಲಿಯೇ. ಇಂಗ್ಲೆಂಡಿನ ಸ್ವಾವಲಂಬನೆಗಾಗಿ ಹುಟ್ಟಿದ ಅಕ್ಷರವು ಇಂಗ್ಲೆಂಡಿನ ದೊರೆಯ ಅಧಿಕಾರವನ್ನು ಧಿಕ್ಕರಿಸುವ ಮಾತಿಗೆ ಮೈಯಾಯಿತು.

ಇದರಲ್ಲಿ ವಿಸ್ಮಯಕ್ಕಿಂತ ಬೋಧೆಯೇ ಹೆಚ್ಚು. ಅಕ್ಷರಕ್ಕೆ ದೊರೆಯ ಋಣವಿಲ್ಲ. ಅದನ್ನು ಶ್ರದ್ಧೆಯಿಂದ ಜೋಡಿಸಿದವರ ಮಾತನ್ನು ಅದು ಆಡುವುದು. ನಮ್ಮ ಲಿಪಿಯ ಅಕ್ಷರಗಳನ್ನು ರೂಪಿಸುವವರೂ ಕ್ಯಾಸ್ಲನ್ನನ ತಾಳ್ಮೆಯನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಲಿ. ಅಚ್ಚುಹಾಕುವವರಾದರೋ, ದಪ್ಪಕ್ಷರವನ್ನು ಜೋಡಿಸುವ ಮುನ್ನ ಅದಕ್ಕೆ ತಕ್ಕ ತೂಕವು ಮಾತಿನಲ್ಲಿದೆಯೇ ಎಂದು ಪರೀಕ್ಷಿಸಿಕೊಳ್ಳಲಿ.