ಹಕ್ಕಲು ಆಯ್ದವಳ ನಂಬಿಕೆ

ದೇವರು ಒದಗಿಸುತ್ತಾನೆ ಎಂಬ ಮಾತನ್ನು ಕೆಲಸ ಹುಡುಕುವವರು ಹಿರಿಯರ ಬಾಯಲ್ಲಿ ಆಗಾಗ ಕೇಳುತ್ತಿರುತ್ತಾರೆ. ಒದಗಿಸುವುದಾದರೆ ಹೇಗೆ, ಯಾರ ಕೈಯಿಂದ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ರೂತಳ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ. ಕೇವಲ 4 ಅಧ್ಯಾಯಗಳ ಆ ಕಥೆಯಲ್ಲಿ ಸಮುದ್ರ ಇಬ್ಭಾಗವಾಗುವುದಿಲ್ಲ, ಆಕಾಶದಿಂದ ಮನ್ನಾ ಸುರಿಯುವುದಿಲ್ಲ. ಅಲ್ಲಿರುವುದು ಒಂದು ಹೊಲ, ಒಂದು ಕೊಯ್ಲು, ಹೊಟ್ಟೆಗಿಲ್ಲದ ಇಬ್ಬರು ಹೆಂಗಸರು.

ಅದು ಇಸ್ರಾಯೇಲಿನಲ್ಲಿ ಅರಸರಿಲ್ಲದ ಕಾಲ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ಆ ಊರಿಗೇ ಬರ ಬಂತು. ಎಲೀಮೆಲೆಕನೆಂಬವನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೃತ ಸಮುದ್ರದ ಆಚೆಗಿನ ಮೋವಾಬ್ ದೇಶಕ್ಕೆ ಗುಳೆ ಹೋದ. ಅಲ್ಲೇ ತೀರಿಕೊಂಡ. ಮಕ್ಕಳು ಮೋವಾಬಿನ ಹೆಣ್ಣುಗಳಾದ ಒರ್ಫಾ ಮತ್ತು ರೂತಳನ್ನು ಮದುವೆಯಾದರು. ಸುಮಾರು 10 ವರ್ಷ ಕಳೆಯುವಷ್ಟರಲ್ಲಿ ಅವರೂ ಸತ್ತರು. ಮನೆಯಲ್ಲಿ ಉಳಿದದ್ದು ಮೂವರು ವಿಧವೆಯರು.

ಊರಲ್ಲಿ ಮತ್ತೆ ಬೆಳೆ ಬಂದಿದೆ ಎಂಬ ಸುದ್ದಿ ಕೇಳಿ ನೊವೊಮಿ ಹೊರಟಳು. ಸೊಸೆಯರಿಗೆ ತವರಿಗೆ ಹೋಗಿ ಹೊಸ ಬದುಕು ಕಟ್ಟಿಕೊಳ್ಳಲು ಹೇಳಿದಳು. ಒರ್ಫಾ ಅಳುತ್ತಾ ಹಿಂದಿರುಗಿದಳು. ಅವಳದು ತಪ್ಪೇನಲ್ಲ. ರೂತಳು ಮಾತ್ರ ಅತ್ತೆಯ ಊರು, ಜನ, ದೇವರು ಎಲ್ಲವನ್ನೂ ತನ್ನದೆಂದು ಒಪ್ಪಿಕೊಂಡು ಜೊತೆಗೆ ನಡೆದಳು. ಮೋವಾಬಿನವರೆಂದರೆ ಇಸ್ರಾಯೇಲರಿಗೆ ಆಗುತ್ತಿರಲಿಲ್ಲ. ಅತ್ತೆಯೋ, ದೇವರೇ ತನ್ನನ್ನು ಬರಿಗೈಯಲ್ಲಿ ಕಳಿಸಿದ್ದಾನೆಂದು ನೊಂದು, ತನ್ನನ್ನು ಮಾರಾ, ಅಂದರೆ ಕಹಿಯಾದವಳು, ಎಂದು ಕರೆಯುವಂತೆ ಊರಿನ ಹೆಂಗಸರಿಗೆ ಹೇಳಿಬಿಟ್ಟಳು.

ಆಗ ಜವೆಗೋದಿಯ ಕೊಯ್ಲು ಶುರುವಾಗಿತ್ತು. ಹೊಲದ ಅಂಚಿನ ಪೈರನ್ನು ಕೊಯ್ಯಬಾರದು, ಬಿದ್ದ ತೆನೆಯನ್ನು ಮಾಲೀಕ ಮತ್ತೆ ಆಯಬಾರದು, ಅದು ಬಡವರಿಗೆ, ಪರದೇಶಿಗಳಿಗೆ, ವಿಧವೆಯರಿಗೆ ಸೇರಿದ್ದು ಎಂಬುದು ಮೋಶೆಯ ಧರ್ಮಶಾಸ್ತ್ರದ ನಿಯಮ. ಹೀಗೆ ಉಳಿದ ತೆನೆಯನ್ನೇ ನಮ್ಮ ಕಡೆ ಹಕ್ಕಲು ಎನ್ನುತ್ತಾರೆ. ರೂತಳು ಬಡವಳೂ ಹೌದು, ಪರದೇಶಿಯೂ ಹೌದು, ವಿಧವೆಯೂ ಹೌದು. ಯಾರೂ ಕರೆಯಲಿಲ್ಲ, ಯಾರ ಶಿಫಾರಸೂ ಇರಲಿಲ್ಲ. ಅತ್ತೆಯನ್ನು ಕೇಳಿಕೊಂಡು ತಾನೇ ಹೊರಟಳು. ಕಾಲಿಟ್ಟ ಹೊಲ ಬೋವಜನದು. ಅವನು ಮಾವನ ಸಂಬಂಧಿಕನೆಂಬುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಬೆಳಗಿನಿಂದ ದುಡಿಯುತ್ತಿರುವುದನ್ನು ಮೇಸ್ತ್ರಿಯಿಂದ ತಿಳಿದ ಬೋವಜ, ಆಳುಗಳು ಅವಳ ತಂಟೆಗೆ ಹೋಗದಂತೆ ಅಪ್ಪಣೆ ಮಾಡಿದ. ಊಟದ ಹೊತ್ತಿಗೆ ಹತ್ತಿರ ಕೂರಿಸಿ ಹುರಿದ ತೆನೆ ಕೊಟ್ಟ. ಸಿವುಡುಗಳಿಂದ ಒಂದಿಷ್ಟು ತೆನೆಯನ್ನು ಬೇಕೆಂದೇ ಎಳೆದು ಬೀಳಿಸುವಂತೆ ಕೆಲಸದವರಿಗೆ ಹೇಳಿದ. ಕೊಡುವವನು ಕೊಟ್ಟ, ಆದರೆ ಪಡೆದವಳು ತಲೆ ತಗ್ಗಿಸಬೇಕಾಗಲಿಲ್ಲ. ಸಂಜೆ ಬಡಿದು ಅಳೆದಾಗ ಸುಮಾರು ಒಂದು ಏಫದಷ್ಟು ಕಾಳು, ಇಂದಿನ ಲೆಕ್ಕದಲ್ಲಿ 20 ಲೀಟರಿಗೂ ಹೆಚ್ಚು. ಮಧ್ಯಾಹ್ನ ತಿಂದು ಉಳಿಸಿಟ್ಟ ಹುರಿದ ತೆನೆಯನ್ನೂ ಅತ್ತೆಗೆ ತಂದುಕೊಟ್ಟಳು.

ಆದರೂ ಅದು ಸುಗ್ಗಿಯ ಕೆಲಸ. ಜವೆಗೋದಿ ಮುಗಿದು, ಗೋದಿಯೂ ಮುಗಿದ ಮೇಲೆ ಮುಂದೇನು? ಕಹಿಯಾಗಿದ್ದ ಅತ್ತೆಯೇ ಈಗ ದಾರಿ ಹುಡುಕಿದಳು. ಅವಳ ಮಾತಿನಂತೆ ರೂತಳು ರಾತ್ರಿ ಕಣಕ್ಕೆ ಹೋಗಿ, ಬಂಧುವಾದ ಬೋವಜ ತನ್ನನ್ನು ಮದುವೆಯಾಗಿ ಆಶ್ರಯ ಕೊಡಬೇಕೆಂದು ಧೈರ್ಯದಿಂದ ಕೇಳಿದಳು. ತನಗಿಂತ ಹತ್ತಿರದ ಬಂಧು ಇನ್ನೊಬ್ಬನಿದ್ದುದರಿಂದ ಬೋವಜ ಮರುದಿನವೇ ಊರಬಾಗಿಲಿನಲ್ಲಿ 10 ಮಂದಿ ಹಿರಿಯರ ಮುಂದೆ ವಿಷಯ ಇಟ್ಟ. ಆತ ಹಿಂದೆ ಸರಿದ. ಬೋವಜ ಎಲೀಮೆಲೆಕನ ಜಮೀನನ್ನು ಬಿಡಿಸಿಕೊಂಡು ರೂತಳನ್ನು ಮದುವೆಯಾದ. ಹುಟ್ಟಿದ ಮಗು ಓಬೇದನನ್ನು ನೊವೊಮಿ ಮಡಿಲಲ್ಲಿಟ್ಟು ಸಾಕಿದಳು. ಓಬೇದನ ಮಗ ಇಷಯ, ಇಷಯನ ಮಗ ಅರಸನಾದ ದಾವೀದ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿಯಲ್ಲೂ ಈ ಪರದೇಶಿ ಹೆಣ್ಣಿನ ಹೆಸರಿದೆ.

ರೂತಳಿಗೆ ಇದಾವುದೂ ಮೊದಲೇ ತಿಳಿದಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ದಿನದ ಹಸಿವು ಮತ್ತು ಆ ದಿನದ ಹೊಲ. ನಂಬಿಕೆ ಎಂದರೆ ಮನೆಯಲ್ಲಿ ಕೂತು ಕಾಯುವುದಲ್ಲ, ಬೆಳಿಗ್ಗೆ ಎದ್ದು ಹೊರಡುವುದು ಎಂದು ಅವಳಿಂದ ಕಲಿಯಬಹುದು. ಆದರೆ ಅದು ಅರ್ಧ ಪಾಠ ಮಾತ್ರ. ಹೊಲದ ಅಂಚನ್ನು ಯಾರೂ ಬಿಡದೇ ಹೋಗಿದ್ದರೆ ರೂತಳು ಎಷ್ಟು ಬೇಗ ಎದ್ದರೂ ಬರಿಗೈಯಲ್ಲೇ ಮರಳಬೇಕಿತ್ತು. ಅವಳಿಗೆ ದೇವರು ಒದಗಿಸಿದ್ದು ಬೋವಜನ ಕೈಯಿಂದ.

ಇಂದು ಹಕ್ಕಲು ಆಯುತ್ತಿರುವ ನಮಗೂ ನಾಳೆ ಒಂದು ಹೊಲ ಸಿಗಬಹುದು. ಆಗ ಅಂಚಿನ ತೆನೆಯನ್ನು ಹಿಂದೆ ಬರುವವರಿಗೆ ಬಿಡುವುದನ್ನು ಮರೆಯದಿರೋಣ.