ದಿವಾಳಿಯಾದವರ ವಕೀಲ ಲಿಂಕನ್

ಅಮೆರಿಕದ 16ನೇ ಅಧ್ಯಕ್ಷ ಅಬ್ರಹಾಂ ಲಿಂಕನ್ (1809-1865) ಗುಲಾಮಗಿರಿಯ ವಿರುದ್ಧ ಹೋರಾಡಿದ ನಾಯಕರೆಂದು ಲೋಕಪ್ರಸಿದ್ಧರು. ದಿವಾಳಿಯಾದವರ ಪರವಾಗಿ ನಿಂತ ವಕೀಲರೂ ಅವರಾಗಿದ್ದರೆಂಬುದನ್ನು ಬಲ್ಲವರು ವಿರಳ.

ಸಾಲದ ಬೇಗೆ ಅವರಿಗೆ ಅಪರಿಚಿತವಾಗಿರಲಿಲ್ಲ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ವಿಲಿಯಂ ಬೆರ್ರಿ ಅವರೊಡನೆ ಪಾಲುದಾರಿಕೆಯಲ್ಲಿ ನಡೆಸಿದ ದಿನಸಿ ಅಂಗಡಿ ನಷ್ಟಕ್ಕೀಡಾಗಿ ಮುಚ್ಚಿತು. 1835ರಲ್ಲಿ ಬೆರ್ರಿ ನಿಧನರಾದಾಗ ಅವರ ಪಾಲಿನ ಸಾಲವೂ ಲಿಂಕನ್ನರ ಹೆಗಲೇರಿತು. ಅವರ ಕುದುರೆ, ಭೂಮಾಪನದ ಸಲಕರಣೆಗಳು ಹರಾಜಿಗೆ ಬಂದವು. ಜೇಮ್ಸ್ ಶಾರ್ಟ್ ಎಂಬ ಮಿತ್ರರು ಸಲಕರಣೆಗಳನ್ನು ಕೊಂಡು ಹಿಂದಿರುಗಿಸಿದರು. ಲಿಂಕನ್ ತಲೆಮರೆಸಿಕೊಳ್ಳಲಿಲ್ಲ, ವರ್ಷಗಟ್ಟಲೆ ದುಡಿದು ಕಂತುಗಳಲ್ಲಿ ಸಾಲ ತೀರಿಸಿದರು.

1836ರಲ್ಲಿ ವಕೀಲಿ ಸನ್ನದು ಪಡೆದ ಅವರು ಮರುವರ್ಷ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ನೆಲೆಸಿದರು. 1837ರ ಆರ್ಥಿಕ ಕುಸಿತವು ಅನೇಕ ವರ್ತಕರನ್ನೂ ರೈತರನ್ನೂ ಋಣಭಾರಕ್ಕೆ ನೂಕಿತ್ತು. 1841ರ ದಿವಾಳಿ ಕಾಯ್ದೆಯು, ಸಾಲ ಮಾಡಿದವರೇ ಸ್ವತಃ ನ್ಯಾಯಾಲಯದ ಮೊರೆ ಹೋಗಲು ಅವಕಾಶ ಕಲ್ಪಿಸಿತು. ಆದರೆ ಸಾಲ ಕೊಟ್ಟವರ ಹೆಸರು, ಬಾಕಿ ಮೊತ್ತ ಹಾಗೂ ಆಸ್ತಿಯ ವಿವರವನ್ನು ಲಿಖಿತವಾಗಿ ಸಲ್ಲಿಸಬೇಕಿತ್ತು. ಆಸ್ತಿ ಬಚ್ಚಿಟ್ಟವರಿಗೆ ಋಣಮುಕ್ತಿ ದೊರೆಯುತ್ತಿರಲಿಲ್ಲ. ಹೀಗಾಗಿ ಅರ್ಜಿದಾರರಿಗೆ ನುರಿತ ವಕೀಲರ ನೆರವು ಬೇಕಾಯಿತು. ಹಿರಿಯ ವಕೀಲ ಸ್ಟೀಫನ್ ಲೋಗನ್ ಅವರೊಡನೆ ಲಿಂಕನ್ ಇಂತಹ 70ಕ್ಕೂ ಹೆಚ್ಚು ಪ್ರಕರಣಗಳನ್ನು ನಿರ್ವಹಿಸಿದರು.

1842ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾಯ್ದೆ 1843ರ ಮಾರ್ಚ್‌ನಲ್ಲಿಯೇ ರದ್ದಾಯಿತು. ಆ ಅಲ್ಪಾವಧಿಯಲ್ಲಿ, ತಮ್ಮ ಸಾಲಕ್ಕೆ ಕಾನೂನಿನ ವಿನಾಯಿತಿ ಬಯಸದಿದ್ದ ಲಿಂಕನ್, ತೀರಿಸಲಾಗದೆ ಬಂದವರಿಗೆ ಅದೇ ಕಾನೂನಿನಲ್ಲಿ ಬಿಡುಗಡೆಯ ದಾರಿ ಹುಡುಕಿಕೊಟ್ಟರು.